ಬೆನ್ನು ಮಾಡಿ ತೂಗಿದ್ದು

"ಕೂಸು ಮಲಗೇತ್ರಿ ಟೀಚರಮ್ಮ. ನಾಳಿ ಬರ್ರಿ," ಎನ್ನುತ್ತಲೇ ಪಕ್ಕೀರಮ್ಮ ತೊಡೆಯ ಮೇಲಿದ್ದ ಮೊಮ್ಮಗಳ ಮುಖಕ್ಕೆ ಸೆರಗು ಎಳೆದಳು. ಸೆರಗಿನೊಳಗೆ ಕೂಸು ಸಣ್ಣಗೆ ನರಳಿತು. ಮಲಗಿದ ಕೂಸಿನ ಸದ್ದಲ್ಲ ಅದು ಅಂತ ಇಬ್ಬರಿಗೂ ಗೊತ್ತಿತ್ತು.

ಈ ವಾರದಲ್ಲಿ ಇದು ಮೂರನೆಯ ನಾಳೆ. ಅಂಗನವಾಡಿಯ ಹಂಪಮ್ಮ ತಕ್ಕಡಿಯ ಚೀಲವನ್ನು ಕಟ್ಟೆಯ ಮೇಲಿಟ್ಟು, ಕಪ್ಪು ಕನ್ನಡಕದ ಕೆಳಗಿಂದ ಇಳಿಯುತ್ತಿದ್ದ ನೀರು ಒರೆಸಿಕೊಂಡಳು. ಅಳುವಲ್ಲ, ಬಿಸಿಲು ಬಿದ್ದರೆ ಸಾಕು, ಈ ಕಣ್ಣು ತಾವಾಗಿಯೇ ಸುರಿಯುತ್ತವೆ. ಬೆಳಿಗ್ಗೆ ಏಳುವಷ್ಟರಲ್ಲಿ ರೆಪ್ಪೆಗಳು ಊದಿರುತ್ತವೆ. ಗುಡ್ಡೆಗಳು ಮುಂದಕ್ಕೆ ಬಂದು ಕಣ್ಣು ಪೂರ್ತಿ ಮುಚ್ಚುವುದೇ ಇಲ್ಲವಾದ್ದರಿಂದ, ಮಲಗುವಾಗ ಮುಲಾಮು ಹಚ್ಚಿ ರೆಪ್ಪೆಗೆ ಟೇಪು ಅಂಟಿಸಿಕೊಳ್ಳಬೇಕು. ಎಂಟು ತಿಂಗಳು ಗುಳಿಗೆ ನುಂಗಿದ ಮೇಲೆ ಥೈರಾಯ್ಡ್ ಹತೋಟಿಗೆ ಬಂತು ಅಂತ ಬಳ್ಳಾರಿಯ ಡಾಕ್ಟರು ರಿಪೋರ್ಟು ನೋಡಿ ನಕ್ಕಿದ್ದರು. "ಮತ್ತ ಕಣ್ಣು?" ಎಂದದ್ದಕ್ಕೆ, "ಅದು ನಿಧಾನಕ್ಕೇ ಇಳೀಬೇಕಮ್ಮ, ವರ್ಷವೋ ಎರಡು ವರ್ಷವೋ. ಮನೇಲಿ ಬೀಡಿ ಹೊಗೆ ಮಾತ್ರ ಬೇಡ" ಎಂದಿದ್ದರು. ಕಣ್ಣಿಗೂ ಬೀಡಿಗೂ ಏನು ಸಂಬಂಧ ಅಂತ ಗಂಡ ಗಂಗಪ್ಪ ಇವತ್ತಿಗೂ ಗೊಣಗುತ್ತಲೇ ಅಂಗಳಕ್ಕೆ ಹೋಗುತ್ತಾನೆ. ಬೇನೆ ಬರುವಾಗ ಆನೆಯ ಹಾಗೆ, ಹೋಗುವಾಗ ಇರುವೆಯ ಹಾಗೆ.

ತಪ್ಪು ಹಂಪಮ್ಮನದೂ ಇತ್ತು. ಹೋದ ತಿಂಗಳು ತೂಗುವಾಗ ಕನ್ನಡಕ ತೆಗೆದು, "ಎಷ್ಟ್ ಗುಂಡಗ ಆಗ್ಯಾಳಲ್ಲೇ" ಅಂತ ಬಾಯಿಬಿಟ್ಟು ಹೊಗಳಿಬಿಟ್ಟಿದ್ದಳು. ಇಪ್ಪತ್ತಾರು ವರ್ಷ ಊರಿನ ಕೂಸುಗಳನ್ನು ತೂಗಿದವಳು, ಎಂದೂ ಆಡದ ಮಾತು. ಈಗ ಕೂಸಿಗೆ ಭೇದಿ ಹತ್ತಿತ್ತು. "ನರರ ಕಣ್ಣಿಗೆ ಮರ ಸಿಡೀತಾವಂತ. ಇನ್ನ ಅಂಥಾ ಕಣ್ಣು!" ಅಂತ ನಲ್ಲಿಯ ಹತ್ತಿರ ಪಕ್ಕೀರಮ್ಮ ಅಂದದ್ದು ಹಂಪಮ್ಮನ ಕಿವಿಗೂ ಬಿದ್ದಿತ್ತು. ಈ ಪಕ್ಕೀರಮ್ಮನ ಮಗ ಚನ್ನಬಸವನನ್ನೂ ಇದೇ ತೊಲೆಗೆ ತಕ್ಕಡಿ ಕಟ್ಟಿ ತೂಗಿದವಳು ಅವಳೇ. ಮನೆಗೆ ಹೋಗಿ ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಬಿದ್ದುಕೊಂಡರೆ ಸಾಕಪ್ಪ ಅನ್ನಿಸಿತು.

ಚೀಲ ಎತ್ತಿಕೊಳ್ಳುವಷ್ಟರಲ್ಲಿ ಸೊಸೆ ಮೇಘಾ ಬಾಗಿಲಿಗೆ ಬಂದಳು. "ನಾಕ್ ದಿನ ಆತ್ರಿ ಟೀಚರ್. ಬರೇ ನೀರ್ ನೀರು. ನಿನ್ನಿಯಿಂದ ಮಲಿ ಹಾಲೂ ಕುಡಿವಲ್ಲಳು. ಇವರು ಕುರಿ ಹೊಡಕೊಂಡು ಹೋಗ್ಯಾರ."

"ನೀ ಸುಮ್ನಿರು," ಎಂದಳು ಪಕ್ಕೀರಮ್ಮ. ಗಟ್ಟಿ ದನಿಯೇ, ಆದರೆ ಅದರಲ್ಲಿ ಅಂಜಿಕೆಯಿತ್ತು.

"ಯಕ್ಕಾ," ಎಂದಳು ಹಂಪಮ್ಮ. ಸಿಟ್ಟು ಮಾಡಲಿಕ್ಕೂ ತ್ರಾಣ ಬೇಕಲ್ಲ. "ನನ್ನ ಕಣ್ಣು ಬ್ಯಾಡ, ಹೌದಿಲ್ಲೋ? ಬ್ಯಾಡ ಬಿಡು. ನಾ ಆ ಕಡಿ ಮಾರಿ ಮಾಡಿ ಕುಂದರ್ತೀನಿ. ನಿನ್ನ ಸೊಸಿ ತೂಗ್ಲಿ. ನಾ ಹೊಳ್ಳಿ ಸೈತ ನೋಡಂಗಿಲ್ಲ."

ತೊಲೆಗೆ ತಕ್ಕಡಿ ನೇತುಹಾಕಿ, ಅದರ ಕೊಂಡಿಗೆ ಬಟ್ಟೆಯ ಜೋಲಿ ಸಿಕ್ಕಿಸಿ, ಗೋಡೆಯ ಕಡೆ ತಿರುಗಿ ಕೂತಳು. ಎದುರಿಗೆ ಗೂಟಕ್ಕೆ ಕರಿ ಕಂಬಳಿ ತೂಗುಬಿದ್ದಿತ್ತು. ಅವಳ ಕಣ್ಣಿಗೆ ಅದು ಎರಡಾಗಿ ಕಂಡಿತು. ಬೆನ್ನ ಹಿಂದೆ ಬಳೆ ಸದ್ದು, ಪಿಸುಮಾತು, ಕೂಸಿನ ನರಳಾಟ.

"ಮುಳ್ಳು ಎಲ್ಲೈತಿ?"

"ಅಲ್ಲಾಡಕ್ಹತ್ತೈತ್ರಿ... ನಾಕರ ಮುಂದ ನಾಕು ಗೀಟು."

"ನಿಂತ ಮ್ಯಾಲೆ ಹೇಳು."

"ನಿಂತೈತ್ರಿ. ನಾಕು ಗೀಟಾ."

ಹಂಪಮ್ಮ ಒಂದು ಕಣ್ಣಿಗೆ ಅಂಗೈ ಒತ್ತಿ, ಇನ್ನೊಂದರಲ್ಲಿ ತೂಕದ ಪುಸ್ತಕ ನೋಡಿದಳು. ಹೋದ ತಿಂಗಳದ್ದು ಐದು ಕೆಜಿ ನೂರು ಗ್ರಾಂ. "ಯಕ್ಕಾ, ಏಳುನೂರು ಗ್ರಾಂ ಇಳಿದೈತಿ," ಎಂದು ಕಂಬಳಿಗೇ ಹೇಳಿದಳು. "ಇವತ್ತಾ, ಈಗಿಂದೀಗ ಕೂಡ್ಲಿಗಿ ದವಾಖಾನಿಗೆ ಒಯ್ಯಬೇಕು. ನಾಳಿ ಅಂದ್ರ ಕೂಸು ಉಳಿಯಂಗಿಲ್ಲ."

ಬೆನ್ನ ಹಿಂದೆ ಹೆಜ್ಜೆ ಸದ್ದಾಯಿತು. ಪಕ್ಕೀರಮ್ಮ ಕೂಸನ್ನೆತ್ತಿಕೊಂಡು ಸುತ್ತಿ ಬಂದು ಗೋಡೆಗೂ ಅವಳಿಗೂ ನಡುವೆ ಕುಕ್ಕರಿಸಿದಳು. ಕೂಸಿನ ಮುಖದ ಮೇಲೆ ಸೆರಗಿರಲಿಲ್ಲ.

"ಕುರಿಮರಿ ಆಗಿದ್ರ ನನಗಾ ತಿಳೀತಿತ್ತು," ಎಂದಳು. "ನೀನಾ ನೋಡವ್ವಾ."

ಹಂಪಮ್ಮ ಕನ್ನಡಕ ತೆಗೆದಿಟ್ಟಳು. ಎರಡೆರಡು ಕೂಸು ಕಂಡವು. ಒಂದು ಕಣ್ಣು ಮುಚ್ಚಿದಾಗ ಒಂದೇ ಆಯಿತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಳು, ಅದು ಮೆಲ್ಲಗೆ ಇಳಿಯಿತು. ಕೂಸಿನ ಕಣ್ಣು ಗುಳಿಬಿದ್ದಿದ್ದವು. ಬಾಯಿ ತೆರೆದು ಅಳುತ್ತಿತ್ತು, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ನೋಡುತ್ತಿದ್ದವಳ ಕಣ್ಣಿಂದ ಮಾತ್ರ ಧಾರೆ ನಿಲ್ಲಲಿಲ್ಲ.

"ಜಂಬಣ್ಣಗ ಫೋನ್ ಹಚ್ಚು, ಆಟೋ ತರ್ಲಿ," ಎಂದು ಮೇಘಾಗೆ ಹೇಳಿ, ಚೀಲದಿಂದ ಓಆರ್‌ಎಸ್ ಪೊಟ್ಟಣ ತೆಗೆದಳು. ಅದನ್ನು ಕಾಸಿ ಆರಿಸಿದ ನೀರಿಗೆ ಹಾಕಿ, ಆಟೋ ಬರುವತನಕ ಚಮಚದಲ್ಲಿ ಹನಿಹನಿಯಾಗಿ ಕುಡಿಸಿದರು.

ಆಟೋ ಊರು ದಾಟಿದ ಮೇಲೇ ಕನ್ನಡಕ ಮರೆತದ್ದು ಹಂಪಮ್ಮನ ಗಮನಕ್ಕೆ ಬಂದದ್ದು. ಎರಡೂ ಬದಿಯಿಂದ ಗಾಳಿ ನುಗ್ಗುತ್ತಿತ್ತು. ಕಣ್ಣು ಮುಚ್ಚಲು ನೋಡಿದರೆ ರೆಪ್ಪೆಗಳು ಅರ್ಧಕ್ಕೇ ನಿಂತವು. ಎದುರಿಗೆ ಅದಿರಿನ ಲಾರಿಯೊಂದು ಕೆಂಪು ಧೂಳೆಬ್ಬಿಸಿಕೊಂಡು ಬರುತ್ತಿತ್ತು.

"ಕನ್ನಡಕ ಎಲ್ಲೈತಬೇ?" ಎಂದಳು ಪಕ್ಕದಲ್ಲಿದ್ದ ಪಕ್ಕೀರಮ್ಮ.

"ನಿಮ್ಮ ಮನ್ಯಾಗಾ ಉಳೀತು."

ಪಕ್ಕೀರಮ್ಮ ಸೊಸೆಯ ಮಡಿಲಲ್ಲಿದ್ದ ಕೂಸನ್ನೊಮ್ಮೆ ನೋಡಿದಳು. ಆಮೇಲೆ ಸೆರಗು ಬಿಚ್ಚಿ, ಕೈ ಮೇಲೆತ್ತಿ, ಹಂಪಮ್ಮನ ಮುಖಕ್ಕೆ ಅಡ್ಡ ಹಿಡಿದಳು. ಲಾರಿ ಹೋಯಿತು, ಧೂಳು ಅಡಗಿತು. ಕೂಡ್ಲಿಗಿ ಬರುವತನಕ ಅವಳು ಆ ಕೈ ಇಳಿಸಲಿಲ್ಲ.