ಗಾಡಿಯ ಬಾಯಿಗೆ ಟೀಕಾ

ಧುಲಿಖೇಲ್ ದಾಟಿ ರಸ್ತೆ ಇಳಿಜಾರು ಹಿಡಿದ ಕೂಡಲೇ ರಣಧ್ವಜ ಖಡ್ಕಾರ ಬಲಗಾಲು ಬ್ರೇಕನ್ನು ಹುಡುಕತೊಡಗಿತು. ಒಂದು ಕಾಲಕ್ಕೆ ಇದೇ ರಸ್ತೆಯಲ್ಲಿ ಡೀಸೆಲ್ ಬಸ್ಸು ಓಡಿಸಿ ಸವೆದ ಕಾಲು ಅದು. ಈಗ ಅದರ ಕೆಳಗೆ ಇದ್ದದ್ದು ಬರೀ ರಬ್ಬರಿನ ಹಾಸು. ಬ್ರೇಕು ಪಕ್ಕದಲ್ಲಿ ಕುಳಿತ ಮಗಳು ಸಿರ್ಜನಾಳ ಕಾಲಡಿಯಲ್ಲಿತ್ತು. ಅವಳು ಅದನ್ನು ಮುಟ್ಟುತ್ತಲೂ ಇರಲಿಲ್ಲ.

“ಬುವಾ, ಹಾಸು ತೂತು ಬಿದ್ದೀತು” ಎಂದಳು ಅಪ್ಪನಿಗೆ.

“ನೀನು ತುಳಿದಿದ್ರೆ ನಾನ್ಯಾಕೆ ತುಳೀತಿದ್ದೆ?”

“ಇದಕ್ಕೆ ತುಳಿಯೋದು ಬೇಡ. ಪೆಡಲ್ ಮೇಲಿಂದ ಕಾಲು ತೆಗೆದ್ರೆ ಗಾಡಿ ತಾನೇ ಹಿಡ್ಕೊಳ್ಳತ್ತೆ. ಇಳಿಯೋವಾಗ ಬ್ಯಾಟರಿಗೆ ಒಂದಿಷ್ಟು ವಾಪಸ್ಸೂ ಬರತ್ತೆ.”

ಹಿಂದಿನ ಸೀಟಿನಲ್ಲಿ ಎದುರುಮನೆಯ ಅಜ್ಜಿ ದೇವಕುಮಾರಿ ಬಜೈ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. “ಕೇಳಿದ್ಯಾ ಹೋಮನಾಥ? ಇಳಿಜಾರಲ್ಲೂ ಸಂಪಾದನೆ ಮಾಡತ್ತಂತೆ. ನೀನು ಅಂಗಡಿಯಲ್ಲಿ ಕೂತು ಆಕಳಿಸ್ತೀಯಲ್ಲ, ಇದನ್ನ ನೋಡಿ ಕಲಿ.”

ಹೋಮನಾಥ ಅವಳ ಮಗ. ಬನೆಪಾದಲ್ಲಿ ಅವನದು ಬಟ್ಟೆಯಂಗಡಿ, ಖಡ್ಕಾರ ಮನೆಗೆ ಎದುರಿಗೆ. ಅಂದು ದಸೈಂ ಹಬ್ಬದ ನವಮಿ. ಮರುದಿನ ದಶಮಿಯ ಬೆಳಗಿನ ಮುಹೂರ್ತಕ್ಕೆ ಬಜೈ ಚರಿಕೋಟ್ ಕಡೆಯ ಬೆಟ್ಟದ ಊರಿನಲ್ಲಿ ತನ್ನ ಅಣ್ಣನ ಮುಂದೆ ಕುಳಿತಿರಬೇಕಿತ್ತು. ಮದುವೆಯಾಗಿ ಹೋದ ವರ್ಷದಿಂದ ಇಂದಿನವರೆಗೆ ಒಂದು ದಶಮಿಯೂ ಅವಳು ಅಣ್ಣ ಹಣೆಗಿಡುವ ಟೀಕಾ ತಪ್ಪಿಸಿಕೊಂಡವಳಲ್ಲ. ಅಣ್ಣ ಶ್ರಾವಣದಿಂದ ಹಾಸಿಗೆ ಹಿಡಿದಿದ್ದ. ಮುಂದಿನ ದಸೈಂ ಅವನು ನೋಡುತ್ತಾನೆಂದು ಯಾರೂ ಹೇಳುತ್ತಿರಲಿಲ್ಲ. ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರಲಿಲ್ಲವಾಗಿ ಸಿರ್ಜನಾಳ ಕರೆಂಟು ಗಾಡಿಯನ್ನು ಗೊತ್ತುಮಾಡಿದ್ದರು.

ರಣಧ್ವಜರು ಜೊತೆಗೆ ಹೊರಟದ್ದಕ್ಕೆ ಕಾರಣ ಕೇಳಿದವರಿಗೆ, ಮಗಳು ಈ ಘಟ್ಟಕ್ಕೆ ಬಾಡಿಗೆ ಹೋಗುವುದು ಇದೇ ಮೊದಲು ಎಂದು ಹೇಳಿದ್ದರು. ಅದು ನಿಜವೇ. ಮನೆಯಲ್ಲಿ ಕೂರಲಾಗದೆ ಹೊರಟರೆಂಬುದೂ ಅಷ್ಟೇ ನಿಜ. ಹೆಂಡತಿ ನಂದಕಲಾ ಚೈತ್ರದಲ್ಲಿ ತೀರಿಕೊಂಡಿದ್ದಳು. ವರ್ಷ ತುಂಬುವ ತನಕ ಆ ಮನೆಯಲ್ಲಿ ಟೀಕಾ ಇಲ್ಲ, ಕತ್ತಲ ಕೋಣೆಯಲ್ಲಿ ಬೆಳೆಸುವ ಜವೆಯ ಹಳದಿ ಪೈರಿಲ್ಲ, ಉಯ್ಯಾಲೆ ಇಲ್ಲ. ಊರೆಲ್ಲ ಮಾಂಸ ಹುರಿಯುವ ಪರಿಮಳ ಏಳುವಾಗ ಅವರ ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು.

ಆದರೆ ಬೆಳಗಿನ ಜಾವ ಅವರಿಗೆ ಒಂದು ಯೋಚನೆ ಬಂದಿತ್ತು. ಸೂತಕ ಮನುಷ್ಯರಿಗೆ. ಗಾಡಿಗೆ ಸೂತಕ ಎಲ್ಲಿಂದ ಬಂತು? ನವಮಿಯ ದಿನ ಪೂಜೆ ಕಾಣದ ಗಾಡಿ ಘಟ್ಟ ಹತ್ತಬಾರದು. ಬಸ್ಸಿನ ಕಾಲದಲ್ಲಿ ಈ ಕೆಲಸ ನಂದಕಲಾಳದು. ಮೊಸರು, ಅಕ್ಕಿ, ಕೆಂಪು ಅಬೀರ ಕಲಸಿ ಅವಳು ಮೊದಲು ಮೂತಿಗೆ, ಆಮೇಲೆ ಸ್ಟಿಯರಿಂಗಿಗೆ, ಕಡೆಗೆ ಡೀಸೆಲ್ ಹಾಕುವ ಬಾಯಿಗೆ ಟೀಕಾ ಇಡುತ್ತಿದ್ದಳು. “ಉಣ್ಣೋ ಬಾಯಿಗೆ ಮೊದಲ ತುತ್ತು” ಎಂದು ನಗುತ್ತಿದ್ದಳು. ರಣಧ್ವಜರು ಅವಳು ಮಾಡುತ್ತಿದ್ದ ಹಾಗೆಯೇ ಮಾಡಿದರು. ಈ ಗಾಡಿ ಉಣ್ಣುವ ಬಾಯಿ ಎಲ್ಲಿದೆಯೆಂದು ಅವರಿಗೆ ಗೊತ್ತಿತ್ತು. ಮುಚ್ಚಳ ತೆರೆದು, ತಂಬಿಗೆಯಿಂದ ಜಲ ಪ್ರೋಕ್ಷಿಸಿ, ಬೆರಳ ತುದಿಯಿಂದ ಟೀಕಾ ಇಟ್ಟು, ಕೈಮುಗಿದು ಮುಚ್ಚಿದರು. ಸಿರ್ಜನಾ ಒಳಗೆ ತಲೆ ಬಾಚಿಕೊಳ್ಳುತ್ತಿದ್ದಳು.

ದೋಲಾಲಘಾಟ್‌ನಲ್ಲಿ ನದಿ ದಾಟಿ, ಮೇಲಿನ ಬಜಾರು ತಲುಪುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿಂದ ಘಟ್ಟದ ಮೇಲಿನ ಮುಡೆ ಎಂಬ ಊರಿನ ತನಕ ಒಂದೇ ಏರು. ಆ ಏರಿಗೆ ಮುಂಚೆ ಎಲ್ಲ ಕರೆಂಟು ಗಾಡಿಗಳೂ ಬಜಾರಿನ ಹೋಟೆಲಿನ ಅಂಗಳದಲ್ಲಿ ಚಾರ್ಜಿಗೆ ನಿಲ್ಲುತ್ತಿದ್ದವು. ಅಂಗಳದಲ್ಲಿ ಎರಡು ಚಾರ್ಜಿಂಗ್ ಕಂಬ. ಒಂದರಲ್ಲಿ ಮೈಕ್ರೋಬಸ್ಸೊಂದು ಆಗತಾನೇ ಪ್ಲಗ್ ಹಾಕಿಕೊಂಡು ನಿಂತಿತ್ತು. ಅದರ ಡ್ರೈವರು ರಣಧ್ವಜರನ್ನು ಕಂಡು ಕೈಯೆತ್ತಿದ.

“ಗುರುಜಿ! ಬದುಕಿದ್ದೀರಾ ಇನ್ನೂ?”

ಅವನು ಕಾಂಛಾ. ಹಿಂದೆ ರಣಧ್ವಜರ ಬಸ್ಸಿನಲ್ಲಿ ಖಲಾಸಿಯಾಗಿದ್ದವನು. ಡ್ರೈವರನನ್ನು ಆ ಕಡೆಯ ರಸ್ತೆಗಳಲ್ಲಿ ಎಲ್ಲರೂ ಗುರುಜಿ ಎಂದೇ ಕರೆಯುತ್ತಾರೆ. ಸ್ಟಿಯರಿಂಗ್ ಬಿಟ್ಟ ಮೇಲೆ ರಣಧ್ವಜರಿಗೆ ಆ ಮಾತು ಕೇಳಿ ಬಹಳ ಕಾಲವಾಗಿತ್ತು.

“ನೀನು ಬಾಗಿಲಿಗೆ ನೇತಾಡೋದು ಬಿಟ್ಟು ಸ್ಟಿಯರಿಂಗ್ ಹಿಡಿದ ಮೇಲೂ ಬದುಕಿದ್ದೀನಿ ಅಂದ್ರೆ ನನ್ನ ಆಯಸ್ಸು ಗಟ್ಟಿ ಕಣೋ.”

“ನೆನಪಿದ್ಯಾ, ಟ್ಯಾಂಕು ಸೋರಿದ್ರೆ ಬಟ್ಟೆ ಸೋಪು ಮೆತ್ತಿ ಜಿರಿ ಊರಿನ ತನಕ ಓಡಿಸ್ತಿದ್ರಿ! ಈಗಿನ ಹುಡುಗರಿಗೆ...” ಎಂದವನು ಸಿರ್ಜನಾಳನ್ನು ನೋಡಿ, “ಹುಡುಗಿಯರಿಗೆ ಸೋಪು ಮುಖಕ್ಕಷ್ಟೇ” ಎಂದ.

ಸಿರ್ಜನಾ ಅವನ ಕಡೆ ನೋಡಲಿಲ್ಲ. ಅವಳು ಮೂಗು ಅರಳಿಸಿ ಗಾಳಿ ಹಿಡಿಯುತ್ತಿದ್ದಳು. ಆಮೇಲೆ ರಣಧ್ವಜರ ಮೂಗಿಗೂ ಅದು ಬಂತು. ಸೀದ ಅನ್ನ, ಅದರ ಹಿಂದೆಯೇ ಸುಟ್ಟ ಪ್ಲಾಸ್ಟಿಕ್ಕು. ಮೈಕ್ರೋಬಸ್ಸಿನ ಪ್ಲಗ್ಗಿನ ಬಳಿಯಿಂದ ಊದುಬತ್ತಿಯಷ್ಟು ತೆಳ್ಳಗೆ ಹೊಗೆ ಏಳುತ್ತಿತ್ತು.

“ಅಯ್ಯೋ!” ಎಂದು ಕಾಂಛಾ ಪ್ಲಗ್ಗಿಗೆ ಕೈ ಹಾಕಲು ಧಾವಿಸಿದ. ಹೋಟೆಲಿನವನು ಪಾತ್ರೆ ತೊಳೆಯುವ ನೀರಿನ ಬಕೆಟ್ಟು ಎತ್ತಿದ.

“ಮುಟ್ಟಬೇಡಿ! ದಾಯ್, ಅಣ್ಣಾ, ನೀರು ಕೆಳಗಿಡಿ!”

ಸಿರ್ಜನಾಳ ಆ ಕೂಗಿಗೆ ಅಂಗಳವೇ ನಿಂತಿತು. ಅವಳು ಓಡಿಹೋಗಿ ಕಂಬದ ಪಕ್ಕದಲ್ಲಿದ್ದ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು. ಕಂಬದ ದೀಪ ಆರಿತು. ಆಮೇಲೆ ಬಸ್ಸಿನ ಬಾಗಿಲು ಎಳೆದು, ಒಳಗೆ ತೂಕಡಿಸುತ್ತಿದ್ದ ಇಬ್ಬರು ಮುದುಕರನ್ನೂ ಒಬ್ಬ ಬಾಣಂತಿಯನ್ನೂ ಇಳಿಸಿದಳು.

“ಗಂಟುಗಿಂಟು ಅಲ್ಲೇ ಇರಲಿ, ನೀವು ನಡೀರಿ. ಗಾಳಿ ಈ ಕಡೆ ಬೀಸ್ತಾ ಇದೆ, ಆ ಕಡೆ ಹೋಗಿ. ಇನ್ನೂ ದೂರ. ಇನ್ನೂ.”

“ಹೊಗೆ ನಿಂತಿತಲ್ಲಮ್ಮ” ಎಂದು ಕಾಂಛಾ ಗೊಣಗಿದ.

“ನಿಂತಿದ್ದು ಪ್ಲಗ್ಗಿನದು. ಬ್ಯಾಟರಿ ಹೊಟ್ಟೆ ಕೆಳಗಿದೆ. ಅದು ಬುಸುಗುಟ್ಟಲ್ಲ ಅಂತ ಗೊತ್ತಾಗೋ ತನಕ ಯಾರೂ ಹತ್ತಿರ ಹೋಗೋ ಹಾಗಿಲ್ಲ. ಬುಸುಗುಟ್ಟಿದ್ರೆ ಅದು ನಮ್ಮ ಕೈ ಮೀರಿದ್ದು, ಅಗ್ನಿಶಾಮಕದವರದ್ದು.”

ಎಲ್ಲರೂ ಗೋಡೆಯಾಚೆ ನಿಂತು ಬಸ್ಸನ್ನು ದಿಟ್ಟಿಸಿದರು. ಅದು ಬುಸುಗುಟ್ಟಲಿಲ್ಲ. ಅಷ್ಟರಲ್ಲಿ ಯಾರೋ ಕರೆದರೆಂದು ಧನವೀರ ವಿಶ್ವಕರ್ಮ ಬಂದ. ಎರಡೂ ಕಂಬಗಳ ಉಸ್ತುವಾರಿ ಅವನದು, ಗಾಡಿ ರಿಪೇರಿಯೂ ಅವನದೇ. ದೂರದಿಂದಲೇ ಸುತ್ತು ಹಾಕಿ, ಹೋಟೆಲಿನ ಹಿಂದಿನ ಮುಖ್ಯ ಸ್ವಿಚ್ಚು ಇಳಿಸಿ, ಬಹಳ ಹೊತ್ತು ಬಿಟ್ಟು ಹತ್ತಿರ ಹೋಗಿ ಬಗ್ಗಿ ನೋಡಿದ.

“ಬಾಯಿ ಕರಗಿದೆ, ಹೊಟ್ಟೆ ತಣ್ಣಗಿದೆ. ಪುಣ್ಯ. ಆದ್ರೆ ಈ ಬಸ್ಸು ಇವತ್ತು ಏಳಲ್ಲ. ಒಳಗೇನು ಇದು, ಕೆಂಪಗೆ? ಅಕ್ಕಿ!”

ಕಾಂಛಾ ತಲೆ ಕೆರೆದುಕೊಂಡ. “ನನ್ನ ಹೆಂಡ್ತಿ ಬೆಳಿಗ್ಗೆ ಟೀಕಾ ಇಟ್ಲು... ಗಾಡಿಗೆ ಒಳ್ಳೇದಾಗಲಿ ಅಂತ.”

ರಣಧ್ವಜರು ತಿರುಗಿ ಮಗಳ ಗಾಡಿಯ ಕಡೆ ನೋಡಿದರು. ಸಿರ್ಜನಾ ಆಗಲೇ ತನ್ನ ಗಾಡಿಯ ಕಡೆ ನಡೆಯುತ್ತಿದ್ದಳು. ಅವಳ ಹಿಂದೆ ಬಜೈ, “ನಮ್ಮದು ಬೇಗ ಆಗತ್ತಾ ಮಗೂ? ಕತ್ತಲಾಗೋದ್ರೊಳಗೆ ಅಣ್ಣನ ಮುಖ ನೋಡಬೇಕು” ಎನ್ನುತ್ತ ಕೋಲೂರಿಕೊಂಡು ಬರುತ್ತಿದ್ದಳು.

“ಸಿರ್ಜನಾ” ಎಂದರು ರಣಧ್ವಜರು. “ಪ್ಲಗ್ ಹಾಕಬೇಡ. ನಿನ್ನ ಗಾಡಿಗೂ ನಾನು ಇಟ್ಟಿದ್ದೀನಿ.”

ಅವಳು ಮುಚ್ಚಳ ತೆರೆದಳು. ಮೊಸರು ಒಣಗಿ, ಕೆಂಪು ಅಕ್ಕಿ ಕಾಳುಗಳು ತೂತುಗಳ ಅಂಚಿಗೆ ಅಂಟಿ ಕುಳಿತಿದ್ದವು.

“ನೋಡದೇ ಪ್ಲಗ್ ಹಾಕೋಳಲ್ಲ ಬುವಾ ನಾನು” ಎಂದಳು ಮೆಲ್ಲಗೆ. ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವರಿಗೆ ಹಗುರಾಗುತ್ತಿತ್ತು.

“ಗಾಡಿಗೆ ಅನ್ನಪ್ರಾಶನ ಮಾಡ್ಸಿದ್ದೀಯಲ್ಲೋ ಖಡ್ಕಾ!” ಎಂದಳು ಬಜೈ.

“ಇನ್ನೂ ಮೂರನೇ ಒಂದು ಪಾಲು ಚಾರ್ಜ್ ಇದೆಯಲ್ಲ, ಹಾಗೇ ಹೊರಟರಾಗಲ್ವಾ?” ಎಂದ ಹೋಮನಾಥ.

“ಏರಿನ ಅರ್ಧಕ್ಕೆ ಮುಗಿಯತ್ತೆ ದಾಯ್. ಕಾಡಿನ ಮಧ್ಯೆ ಬಜೈನ ಕೂರಿಸ್ಕೊಂಡು ಏನ್ಮಾಡೋಣ? ನಾನು ಹೊರಡಲ್ಲ.”

ರಣಧ್ವಜರಿಗೆ ನಿಲ್ಲಲಾಗಲಿಲ್ಲ. ಜೇಬಿನಿಂದ ಚಾಕು ತೆಗೆದು, “ನಾನು ಮಾಡಿದ್ದು, ನಾನೇ ತೆಗೀತೀನಿ. ನಾಲ್ಕು ಕಾಳು ತಾನೇ” ಎನ್ನುತ್ತ ಬಗ್ಗಿದರು.

“ಬುವಾ! ಕೈ ತೆಗೀರಿ!”

ಆ ಗದರಿಕೆ ಕಾಂಛಾನಿಗೂ ಕೇಳಿಸಿತು, ಹೋಟೆಲಿನವನಿಗೂ ಕೇಳಿಸಿತು. ಗುರುಜಿಯ ಕೈ ಗಾಳಿಯಲ್ಲೇ ನಿಂತಿತು. ಅವರೊಡನೆ ಆ ದನಿಯಲ್ಲಿ ಮಾತಾಡುವ ಜೀವ ಲೋಕದಲ್ಲಿ ಒಂದೇ ಇತ್ತು, ಅದು ಚೈತ್ರದಲ್ಲಿ ಹೊರಟುಹೋಗಿತ್ತು. ರಣಧ್ವಜರು ಚಾಕು ಮಡಿಸಿ ಜೇಬಿಗೆ ಹಾಕಿದರು. ನಾಚಿಕೆಯಾಗಬೇಕಿತ್ತು. ಅದರ ಬದಲು ಎದೆಯಲ್ಲಿ ಏನೋ ಬೆಚ್ಚಗೆ ಹರಡಿತು. ಇವಳು ನಂದಕಲಾಳ ಮಗಳು.

“ಲೋಹ ತಾಗಿಸಬಾರದು, ಬಾಯಿಂದ ಊದಲೂಬಾರದು, ನೀರಂತೂ ಬೇಡವೇ ಬೇಡ” ಎಂದಳು ಸಿರ್ಜನಾ, ದನಿ ಇಳಿಸಿ. “ಇದು ಧನವೀರ್ ದಾಯ್ ಕೆಲಸ.”

ಧನವೀರ ಕೈ ಕಟ್ಟಿಕೊಂಡು ನಿಂತಿದ್ದ. “ಕೆಲಸ ಗೊತ್ತು ಬಹಿನಿ. ಆದ್ರೆ ಇವತ್ತು ಆಗಲ್ಲ. ಹತಾರವೆಲ್ಲ ದೇವಿ ಮುಂದೆ ಕೂತಿವೆ. ನವಮಿ ದಿನ ಅಪ್ಪ ಸುತ್ತಿಗೆ ಎತ್ತಲಿಲ್ಲ, ಅಜ್ಜ ಎತ್ತಲಿಲ್ಲ. ನಾಳೆ ಟೀಕಾ ಆದ ಮೇಲೆ ಎತ್ತಿ ಕೊಡ್ತೀನಿ.”

“ನಾಳೆ ಟೀಕಾ ಆದ ಮೇಲೆ ನನಗ್ಯಾಕಪ್ಪಾ ಗಾಡಿ?” ಎಂದಳು ಬಜೈ. ಅವಳು ಅಲ್ಲಿಯೇ ಜಗುಲಿಯ ಮೇಲೆ ಕುಳಿತುಬಿಟ್ಟಳು.

ಹತಾರ ಎತ್ತೆಂದು ಹೇಳಲು ಸಿರ್ಜನಾಳಿಗೆ ಬಾಯಿ ಬರಲಿಲ್ಲ. ತಾಯಿ ಬೆಳೆಸಿದ ರೀತಿ ಹಾಗಿತ್ತು. ರಣಧ್ವಜರು ಸೂತಕದ ಬಿಳಿ ಟೋಪಿ ತೆಗೆದು ಕೈಯಲ್ಲಿ ಹಿಡಿದು ಧನವೀರನ ಮುಂದೆ ನಿಂತರು. ಮೇಲುಜಾತಿಯ ಖಡ್ಕಾ ಮನೆತನದ ಮುದುಕ, ಕೀಳೆಂದು ಎಣಿಸುವ ಕಮ್ಮಾರ ಜಾತಿಯ ಒಬ್ಬ ವಿಶ್ವಕರ್ಮನ ಮುಂದೆ ಹೀಗೆ ನಿಂತದ್ದನ್ನು ಆ ಬಜಾರು ಹಿಂದೆ ಕಂಡಿರಲಿಲ್ಲ.

“ಮಗಾ, ನಿನ್ನ ನೇಮ ಮುರಿ ಅಂತ ಹೇಳೋ ಬಾಯಿ ನನಗಿಲ್ಲ. ಭಕ್ತಿ ಅಂತ ತಿಳಿದು ತಪ್ಪು ಮಾಡಿದವನು ನಾನು. ಒಂದೇ ಮಾತು ಕೇಳ್ತೀನಿ, ನೀನೇ ಹೇಳು. ನವಮಿ ದಿನ ದೇವಿ ತನ್ನ ಆಯುಧ ಕೆಳಗಿಟ್ಟಿದ್ಲಾ? ಅವಳು ಎತ್ತಿದ್ದಕ್ಕೇ ತಾನೇ ನಾವು ಇವತ್ತು ಅದಕ್ಕೆ ಕೈ ಮುಗಿಯೋದು?”

ಧನವೀರ ಅವರ ಮುಖವನ್ನೂ ಜಗುಲಿಯ ಮೇಲಿನ ಬಜೈಯನ್ನೂ ನೋಡಿದ. ಆಮೇಲೆ ತನ್ನ ಮನೆಯೊಳಗೆ ಹೋದ. ಒಳಗೆ ಗಂಟೆ ಬಾರಿಸಿದ ಸದ್ದಾಯಿತು. ಹೊರಗೆ ಬಂದಾಗ ದಪ್ಪ ರಬ್ಬರಿನ ಕೈಗವಸು, ಕೂದಲಿನ ಬ್ರಷ್ಷು, ಗಾಳಿ ಊದುವ ಯಂತ್ರ, ಮೀಟರು ಅವನ ಕೈಯಲ್ಲಿದ್ದವು. ಎಲ್ಲದರ ಮೇಲೂ ಹೂವಿನ ಎಸಳು.

“ದೇವಿ ಬೈದ್ರೆ ನಿಮ್ಮ ಹೆಸರು ಹೇಳ್ತೀನಿ ಬುವಾ.”

“ಹೇಳು. ಊರು, ಗೋತ್ರ ಸಮೇತ ಹೇಳು.”

ಸಿರ್ಜನಾ ಗಾಡಿ ಆರಿಸಿ, ಕೀಲಿಯನ್ನು ದೂರದ ಮೇಜಿನ ಮೇಲಿಟ್ಟು, ಬಾನೆಟ್ಟಿನೊಳಗಿನ ಸಣ್ಣ ಬ್ಯಾಟರಿಯ ತಂತಿ ಕಳಚಿದಳು. ಕಿತ್ತಳೆ ಬಣ್ಣದ ದಪ್ಪ ತಂತಿಗಳ ಹತ್ತಿರಕ್ಕೂ ಅವಳ ಕೈ ಹೋಗಲಿಲ್ಲ. ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತು ಒಳಗೆ ಉಳಿದ ಕರೆಂಟು ಇಳಿಯಲೆಂದು ಇಬ್ಬರೂ ಕಾದರು. ಆಮೇಲೆ ಧನವೀರ ಬಿದಿರಿನ ಕಡ್ಡಿಯಿಂದ, ಬ್ರಷ್ಷಿನಿಂದ, ಒಂದೊಂದು ಕಾಳನ್ನೂ ಹೊರಗೆ ಕರೆದ. ಸಿರ್ಜನಾ ಟಾರ್ಚು ಹಿಡಿದು, “ಅಲ್ಲೊಂದು, ಎಡಗಡೆ” ಎನ್ನುತ್ತಿದ್ದಳು. ಒಣ ಗಾಳಿ ಊದಿದರು, ಬಿಸಿಲಿಗೆ ಬಿಟ್ಟರು, ಮತ್ತೆ ಊದಿದರು. ಮೀಟರು ಇಟ್ಟು ನೋಡಿ ಧನವೀರ ತಲೆಯಾಡಿಸಿದ. ಮುಖ್ಯ ಸ್ವಿಚ್ಚು ಏರಿಸಿ ಎರಡನೆಯ ಕಂಬಕ್ಕೆ ಪ್ಲಗ್ ಹಾಕಿದ ಮೇಲೂ ಸಿರ್ಜನಾ ಊಟಕ್ಕೆ ಹೋಗಲಿಲ್ಲ. ಚಾರ್ಜಿನ ವೇಗ ಕಡಿಮೆ ಮಾಡಿಸಿ, ಬಿಸಿಯೇರುತ್ತಿದೆಯೇ ಎಂದು ಪ್ಲಗ್ಗಿನ ಹಿಡಿಯನ್ನು ಆಗಾಗ ಮುಟ್ಟಿ ನೋಡುತ್ತ ಅಲ್ಲಿಯೇ ನಿಂತಳು. ರಣಧ್ವಜರು ಅವಳಿಗೆ ಅವಲಕ್ಕಿ ಮತ್ತು ಆಲೂಗಡ್ಡೆ ಪಲ್ಯ ತಂದು ಕೊಟ್ಟರು. ಅವಳು ನಿಂತೇ ತಿಂದಳು.

ಹೊರಡುವಾಗ ಕಾಂಛಾ ಗೇಟಿನ ಬಳಿ ನಿಂತಿದ್ದ.

“ಗುರುಜಿ!” ಎಂದ.

ರಣಧ್ವಜರು ಗಾಜು ಇಳಿಸಿ ತಲೆ ಹೊರಗೆ ಹಾಕಿದರು. ಕಾಂಛಾ ಅವರನ್ನು ದಾಟಿ ಆಚೆ ಬದಿಗೆ ಹೋದ.

“ಗುರುಜಿ” ಎಂದು ಸಿರ್ಜನಾಳಿಗೆ ಹೇಳಿದ, “ಮುಡೆಯಲ್ಲಿ ಮಂಜಿರತ್ತೆ, ನಿಧಾನ. ನನ್ನ ಬಸ್ಸಿನ ಆ ಬಾಣಂತಿಗೆ ಬೇರೆ ಗಾಡಿ ಸಿಕ್ತು. ಅಷ್ಟು ಹೇಳೋಣ ಅಂತ ಬಂದೆ.”

“ಆಗಲಿ ದಾಯ್” ಎಂದಳು ಅವಳು.

ರಣಧ್ವಜರು ಗಾಜು ಏರಿಸಿಕೊಂಡರು. ಹಿಂದಿನಿಂದ ಬಜೈ, “ಹೋಯ್ತಲ್ಲೋ ಖಡ್ಕಾ ನಿನ್ನ ಪದವಿ!” ಎಂದಳು. “ಹೋಗಲಿ ಬಿಡು ಬಜೈ, ಮನೆಯಲ್ಲೇ ಉಳಿಯಿತಲ್ಲ” ಎಂದು ಹೇಳಿ ಅವರು ಕಿಟಕಿಯಾಚೆ ನೋಡತೊಡಗಿದರು. ಕಣ್ಣು ಒರೆಸಿಕೊಳ್ಳಲು ಅದೇ ಅನುಕೂಲವಾಗಿತ್ತು.

ಮುಡೆಯ ಏರಿನಲ್ಲಿ ಮಂಜು ಇತ್ತು, ಇಳಿಯುವಾಗ ಸಂಜೆಯ ಬೆಳಕು ಇತ್ತು. ದೀಪ ಹಚ್ಚುವ ಹೊತ್ತಿಗೆ ಅಣ್ಣನ ಅಂಗಳ ಸೇರಿದರು.

ದಶಮಿಯ ಬೆಳಿಗ್ಗೆ ಮುದುಕನನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಸೂತಕದ ಮನೆಯವರೆಂದು ರಣಧ್ವಜರು ಬಾಗಿಲಿನ ಹೊರಗೆ ನಿಂತಿದ್ದರು. ಒಳಗೆ ಬಜೈ ಅಣ್ಣನ ಮುಂದೆ ಮಂಡಿಯೂರಿದಳು. ಅಣ್ಣನ ಬೆರಳುಗಳು ಅವಳ ಹಣೆ ಹುಡುಕಿ ಒಂದು ಸಲ ತಪ್ಪಿದವು. ಅವಳೇ ಮುಂದೆ ಬಾಗಿ ಹಣೆಯನ್ನು ಆ ಬೆರಳಿಗೆ ಒಡ್ಡಿದಳು. ಮುದುಕ ಆಶೀರ್ವಾದದ ಶ್ಲೋಕ ಶುರುಮಾಡಿ ನಡುವೆ ಮರೆತ. ತಂಗಿ ಅದನ್ನು ಎತ್ತಿಕೊಂಡು ಮುಂದೆ ಹೇಳಿದಳು. ಇಬ್ಬರೂ ಸೇರಿ ಮುಗಿಸಿದರು.

ಅಂಗಳದ ಅಂಚಿನಲ್ಲಿ ಸಿರ್ಜನಾ ನೆಲಕ್ಕೆ ಕೆನ್ನೆ ಹಚ್ಚಿ, ನಿನ್ನೆಯ ಕಲ್ಲುರಸ್ತೆ ಗಾಡಿಯ ಹೊಟ್ಟೆಗೆ ಏನಾದರೂ ಪೆಟ್ಟು ಕೊಟ್ಟಿದೆಯೇ ಎಂದು ನೋಡುತ್ತಿದ್ದಳು. ಆಮೇಲೆ ಎದ್ದು, ಒಂದೊಂದೇ ಚಕ್ರದ ಗಾಳಿ ನೋಡುತ್ತ ಹೊರಟಳು.

“ಯಾರಪ್ಪಾ ಆ ಹುಡುಗಿ?” ಎಂದು ಪಕ್ಕದ ಮನೆಯವನು ರಣಧ್ವಜರನ್ನು ಕೇಳಿದ.

ರಣಧ್ವಜರು ಟೋಪಿ ಸರಿಮಾಡಿಕೊಂಡರು. “ನಮ್ಮ ಡ್ರೈವರು” ಎಂದರು. ಆಮೇಲೆ, “ನಂದಕಲಾಳ ಮಗಳು” ಎಂದರು.