ಕುದಿ ಕೊಂದವನು

ನನ್ನ ತಮ್ಮಂದಿರಲ್ಲಿ ಒಬ್ಬ ಇನ್ನೊಬ್ಬನನ್ನು ಈ ವಸಂತದಲ್ಲೇ ಕೊಂದು ಹಾಕುತ್ತಾನೆ ಎಂಬ ಭಯ ನನ್ನನ್ನು ಹಗಲೂ ಬಿಡುತ್ತಿರಲಿಲ್ಲ. ಅಪ್ಪ ಸತ್ತ ಮೇಲೆ ಮೇಪಲ್ ತೋಪು ಇಬ್ಬರಿಗೂ ಬಂತು. ಆ ಮರಗಳಿಂದ ಇಳಿಯುವ ಸಿಹಿನೀರನ್ನು ಬತ್ತಿಸಿ ಪಾಕ ಕಾಯಿಸುವ ಒಲೆ ಮಾತ್ರ ಒಂದೇ. ಒಂದೇ ಗೂಟಕ್ಕೆ ಎರಡು ಹೋರಿ ಕಟ್ಟಿದಂತಾಗಿತ್ತು.

ಅವತ್ತು ಬಿಸಿಲು ಏರಿ ಹಿಮವೆಲ್ಲ ಕೆಸರಾಗಿತ್ತು. ಮರಗಳು ಒಂದೇ ಸಮನೆ ನೀರಿಳಿಸುತ್ತಿದ್ದವು, ಪೀಪಾಯಿಗಳು ತುಂಬಿ ತುಳುಕುತ್ತಿದ್ದವು. ಆ ಬಿಸಿಲಿನಲ್ಲಿ ಇಟ್ಟರೆ ಮರದ ನೀರು ನಾಳೆಗೆ ಹುಳಿಯುತ್ತದೆ. ಬೇಗ ಬತ್ತಿಸಲೇಬೇಕು. ಅದಕ್ಕೆಂದೇ ಚಿಕ್ಕವನು ರೊಸೇರ್ ಕಮ್ಮಾರನ ಹಳೆಯ ತಿದಿ ಹೊತ್ತು ತಂದು ಒಲೆಯ ಕೆಳಗೆ ಸಿಕ್ಕಿಸಿದ. ಒಣ ಸೌದೆಯನ್ನು ಸಣ್ಣಗೆ ಸೀಳಿದ. ಅಗಲವಾದ ತಗಡಿನ ಕೊಪ್ಪರಿಗೆಯಲ್ಲಿ ನಾಲ್ಕು ಬೆರಳು ನಿಲ್ಲುತ್ತಿದ್ದ ನೀರನ್ನು ಒಂದೇ ಬೆರಳಿಗೆ ಇಳಿಸಿ, ಹೊಸ ನೀರನ್ನು ಪಕ್ಕದಲ್ಲೇ ಬಿಸಿ ಮಾಡಿ ಸಣ್ಣ ಧಾರೆಯಾಗಿ ಬಿಟ್ಟ.

ತಿದಿ ಒತ್ತುವವಳು ನಾನು. ಕೊಪ್ಪರಿಗೆ ಅಂಚಿನಿಂದ ಅಂಚಿಗೆ ಕುಣಿಯಿತು. ಉಕ್ಕಿದ ನೊರೆ ಮೇಲೆ ದಾರದಲ್ಲಿ ಇಳಿಬಿಟ್ಟ ಹಂದಿಕೊಬ್ಬಿನ ತುಂಡಿಗೆ ತಾಗಿ ಕುಸಿಯುತ್ತಿತ್ತು. ಇಂಥ ಕುದಿಯನ್ನು ನಾನು ನೋಡಿಯೇ ಇರಲಿಲ್ಲ.

ಆಗ ದೊಡ್ಡ ತಮ್ಮ ಓವಿಲಾ ಒಳಗೆ ಬಂದ.

"ತಳ ಹಿಡಿಸ್ತೀಯೇನೋ ಕತ್ತೆ? ಅಪ್ಪ ಯಾವತ್ತಾದ್ರೂ ಹಿಂಗೆ ಕಾಯ್ಸಿದ್ನಾ?"

"ಅಪ್ಪ ಒಂದು ಪೀಪಾಯಿ ಬತ್ಸೋದ್ರೊಳಗೆ ನಾನು ಮೂರು ಬತ್ಸಿದೀನಿ," ಎಂದ ರೊಸೇರ್. "ನೋಡೋಕಾಗ್ದಿದ್ರೆ ಹೋಗಿ ಕೋಳಿ ಕಾಯಿ, ಅಣ್ಣಾ."

ನನಗೆ ನಗು ಬಂತು. ಓವಿಲಾಗೆ ಬರಲಿಲ್ಲ. ಬಾಗಿಲ ಬಳಿ ಮಂಜುಗಡ್ಡೆ ತೇಲುತ್ತಿದ್ದ ಬಕೆಟ್ ಎತ್ತಿ ಕೊಪ್ಪರಿಗೆಗೆ ಸುರಿದೇಬಿಟ್ಟ. ಕುದಿ ಸತ್ತಿತು.

ನಮ್ಮ ಬೋಸ್ ಕಣಿವೆಯಲ್ಲಿ ಗಂಡಸು ತನ್ನ ಹೆಂಡತಿಯನ್ನು ಬೈದವನನ್ನಾದರೂ ಸಹಿಸಿಯಾನು, ತನ್ನ ಕುದಿ ಕೊಂದವನನ್ನು ಸಹಿಸುವುದಿಲ್ಲ. ರೊಸೇರ್ ಕೈಯಲ್ಲಿದ್ದ ಸೌಟನ್ನು ಅಣ್ಣನ ಬಾಯಿಗೆ ಬೀಸಿದ. ಹಲ್ಲು ಹಾರಿತು. ಓವಿಲಾ ಸೌದೆ ಎತ್ತಿ ಅವನ ಪಕ್ಕೆಗೆ ಬಾರಿಸಿದ. ಇಬ್ಬರೂ ನೆಲಕ್ಕುರುಳಿ ನಾಯಿಗಳಂತೆ ಕಚ್ಚಾಡಿದರು. ಕೊನೆಗೆ ರೊಸೇರ್ ಅಣ್ಣನ ಮೇಲೇರಿ ಕೂತು, ಅವನ ಕೂದಲು ಹಿಡಿದು, ತೆರೆದ ಒಲೆಯ ಬಾಯಿಗೆ ದರದರ ಎಳೆದ.

"ಕುದಿ ಬೇಕಾ ನಿಂಗೆ? ತಗೋ, ಕುದಿ!"

ಗಡ್ಡ ಚುರುಗುಟ್ಟಿತು. ಓವಿಲಾ ಕಿರುಚಿದ. "ಬಿಡೋ, ಸತ್ತೋಗ್ತಾನೆ!" ಎಂದು ನಾನು ರೊಸೇರ್‌ನ ಬೆನ್ನಿಗೆ ಸೌದೆಯಿಂದ ಹೊಡೆದೆ. ಅವನು ತಿರುಗಿಯೂ ನೋಡದೆ ನನ್ನ ಹೊಟ್ಟೆಗೆ ಒದ್ದ. ಬಿದ್ದಲ್ಲಿ ಕೊಡಲಿ ಸಿಕ್ಕಿತು. ಎತ್ತಿದೆ. ಅದು ಯಾರ ಮೇಲೆ ಬೀಳುತ್ತದೆಂದು ಆ ಗಳಿಗೆಯಲ್ಲಿ ನನಗೇ ಗೊತ್ತಿರಲಿಲ್ಲ, ಮೇರಿಯಮ್ಮನಾಣೆ.

ಕೊಪ್ಪರಿಗೆಯ ತಳಕ್ಕೆ ಹೊಡೆದೆ.

ಇದ್ದಬದ್ದ ನೀರು, ಪಾಕ ಎಲ್ಲ ಬೆಂಕಿಗೆ ಸುರಿಯಿತು. ಧಡ್ ಎಂದು ಹಬೆ, ಬೂದಿ ಒಲೆಯ ಬಾಯಿಂದ ನುಗ್ಗಿತು. ರೊಸೇರ್ ಚೀರಿ ಕೈ ಬಿಟ್ಟ. ಓವಿಲಾ ಉರುಳಿ ಈಚೆ ಬಿದ್ದ.

ಹಬೆ ತಿಳಿಯಾದಾಗ ಇಬ್ಬರೂ ನೆಲದ ಮೇಲೆ ಕೂತಿದ್ದರು. ಓವಿಲಾನ ಅರ್ಧ ಗಡ್ಡ ಸುಟ್ಟು ಕೆನ್ನೆಯ ಚರ್ಮ ಸುಲಿದಿತ್ತು. ರೊಸೇರ್‌ನ ಕೈಗಳ ಮೇಲೆ ಬೊಬ್ಬೆಗಳು ಏಳುತ್ತಿದ್ದವು. ಇಬ್ಬರೂ ಬದುಕಿದ್ದಾರಲ್ಲ ಎಂದು ನನಗೆ ಅಳು ಬಂತು. ಅವರು ಮಾತ್ರ ಕೊಪ್ಪರಿಗೆಯ ತೂತನ್ನು ನೋಡುತ್ತಿದ್ದರು.

"ಅಕ್ಕಾ, ಏನ್ ಮಾಡ್ಬಿಟ್ಟೆ!" ಎಂದರು ಇಬ್ಬರೂ ಒಟ್ಟಿಗೆ.

"ಅಪ್ಪನ ಕೊಪ್ಪರಿಗೆ ಅದು," ಎಂದ ಓವಿಲಾ, ರಕ್ತ ಉಗುಳಿ.

"ಇವಳಿಗೆ ತಲೆ ಕೆಟ್ಟಿದೆ ಅಣ್ಣಾ. ಇನ್ಮೇಲೆ ಒಲೆ ಹತ್ರ ಬಿಟ್ಕೋಬಾರ್ದು."

"ಬಿಟ್ಕೋಬಾರ್ದು ಕಣೋ."

ಆ ಇಡೀ ವಸಂತದಲ್ಲಿ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ. ನಾನು ಕೊಡಲಿ ಕೆಳಗಿಡಲಿಲ್ಲ.