ಜೊತೆಗೆ ಬಂದ ಸೋಫಾ

ನಾನು ಹೆಸರು ಹೊಲಿಯುವವಳು. ಟೊಲೀಡೊ ಹೆರನ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಆಟಗಾರರ ಬೆನ್ನ ಮೇಲೆ ಅವರವರ ಹೆಸರು ಕೂರಿಸುವ ಕೆಲಸ ಇಪ್ಪತ್ತೆಂಟು ವರ್ಷದಿಂದ ನನ್ನದು. ಕ್ರೀಡಾಂಗಣದ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆ. ಬಾಗಿಲ ಮೇಲೆ ‘ಲುವೆಲಾ ಗೇನ್ಸ್, ಬಡಿದು ಒಳಗೆ ಬನ್ನಿ’ ಎಂದು ಬರೆದಿದ್ದೇನೆ. ಯಾರೂ ಬಡಿಯುವುದಿಲ್ಲ.

ನನ್ನ ಹತ್ತಿರ ಎರಡು ಥರದ ಹೊಲಿಗೆ ಇತ್ತು. ತಂಡದಲ್ಲಿ ಉಳಿಯುವವನಿಗೆ ಹೆಸರಿನ ಪಟ್ಟಿಯ ಸುತ್ತ ಎರಡು ಸಾಲು ಗಟ್ಟಿ ಹೊಲಿಗೆ. ಇವತ್ತು ಬಂದು ನಾಳೆ ಹೋಗುವವನಿಗೆ ಕಚ್ಚಾ ಹೊಲಿಗೆ. ದಾರದ ತುದಿ ಹಿಡಿದು ಎಳೆದರೆ ಪಟ್ಟಿ ಪೂರ್ತಿ ಬಿಚ್ಚಿಕೊಂಡು ಬರುತ್ತಿತ್ತು, ಜರ್ಸಿ ಇನ್ನೊಬ್ಬನಿಗೆ ಆಗುತ್ತಿತ್ತು. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ನಾನೇ ಮಾಡಿಕೊಂಡ ಪದ್ಧತಿ, ಅದರ ಬಗ್ಗೆ ಜಂಬವೂ ಇತ್ತು. ಹೋದ ಏಪ್ರಿಲ್ ತನಕ.

ಹೋಗುವವರು ನಮ್ಮಲ್ಲಿ ಬಹಳ. ಚಳಿಗಾಲದಲ್ಲಿ ಟೊಲೀಡೊಗೆ ತಾವಾಗಿ ಬರುವವರು ರಸ್ತೆಯ ಹಿಮ ತೆಗೆಯುವ ಲಾರಿಯವರು ಮಾತ್ರ. ಹೆಸರುವಾಸಿ ಆಟಗಾರರು ಸಮುದ್ರ ಇರುವ ಊರು ಹುಡುಕುತ್ತಾರೆ. ಹೀಗಾಗಿ ನಮ್ಮ ಜನರಲ್ ಮ್ಯಾನೇಜರ್ ಮಾರ್ಗಿಟ್ ಸಾಬೊ ಬೇರೆ ದಾರಿ ಹಿಡಿದಿದ್ದಳು. ಪ್ರತಿ ತಂಡದ ಒಟ್ಟು ಸಂಬಳಕ್ಕೂ ಲೀಗ್ ಒಂದು ಮಿತಿ ಇಟ್ಟಿದೆ. ಶ್ರೀಮಂತ ತಂಡದವರು ಯಾವನಿಗೋ ಉದ್ದದ ಒಪ್ಪಂದ ಬರೆದುಕೊಡುತ್ತಾರೆ, ಅವನ ಮಂಡಿ ಕೈಕೊಟ್ಟ ಮೇಲೆ ಕೈ ಕೈ ಹಿಸುಕಿಕೊಳ್ಳುತ್ತಾರೆ. ಹೊಸ ತಾರೆಯನ್ನು ತರಬೇಕಾದರೆ ಹಳಬನ ಸಂಬಳವನ್ನು ಇನ್ಯಾರದೋ ತಲೆಗೆ ಕಟ್ಟಬೇಕು. ನಮ್ಮ ಮಿತಿಯೊಳಗೆ ಜಾಗ ಬೇಕಾದಷ್ಟಿತ್ತು. “ನಿಮ್ಮ ಹೊರೆ ನಾವು ಹೊರ್ತೀವಿ, ಕೂಲಿ ಕೊಡಿ” ಅನ್ನುವುದು ಮಾರ್ಗಿಟ್‌ಳ ವ್ಯಾಪಾರ. ಕೂಲಿ ಅಂದರೆ, ಪ್ರತಿ ಜೂನ್‌ನಲ್ಲಿ ಕಾಲೇಜುಗಳಿಂದ ಬರುವ ಹೊಸ ಹುಡುಗರನ್ನು ಆರಿಸಿಕೊಳ್ಳುವ ಆ ತಂಡದ ಸರದಿ.

“ಬೀದಿಬದಿ ಹಳೇ ಸಾಮಾನು ಮಾರೋರು ಇರ್ತಾರಲ್ಲ ಮಿಸ್ ಲು, ಹಂಗೇ,” ಎಂದು ಒಮ್ಮೆ ಅವಳೇ ವಿವರಿಸಿದ್ದಳು. “ನಿಂಗೆ ಅವರ ಹೊಲಿಗೆ ಮಿಷನ್ ಬೇಕು. ಅವರು ಆ ಮುರುಕು ಸೋಫಾನೂ ಎತ್ಕೊಂಡು ಹೋಗು, ಮಿಷನ್ ಪುಕ್ಕಟೆ ಅಂತಾರೆ. ನಾನು ಸೋಫಾ ಎತ್ತೋಳು.”

ಅಂದಿನಿಂದ ಹಾಗೆ ಬಂದವರನ್ನು ನಾವಿಬ್ಬರೂ ಸೋಫಾ ಅಂತಲೇ ಕರೆಯುತ್ತಿದ್ದೆವು. ಮಾರ್ಗಿಟ್ ನನ್ನ ಗೆಳತಿಯ ಮಗಳು. ಅವಳ ಡಯಾಪರ್ ಬದಲಾಯಿಸಿದ ಕೈ ಇದು. ಹಾಗಾಗಿ ಅವಳು ಎಷ್ಟೇ ದೊಡ್ಡ ಮ್ಯಾನೇಜರ್ ಆದರೂ ನನ್ನ ಕೋಣೆಗೆ ಬಂದರೆ ಸ್ಟೂಲಿನ ಮೇಲೆ ಕೂರಬೇಕು.

ಅಮೋಸ್ ಹಾಲಿಂಗ್ಸ್‌ವರ್ತ್ ಹೀಗೆ ಬಂದ ಸೋಫಾ. ಏಳಡಿಗೆ ಒಂದಿಂಚು ಕಮ್ಮಿ, ಮೂವತ್ತನಾಲ್ಕು ವರ್ಷ, ಎಡ ಮಂಡಿ ಅಷ್ಟಕ್ಕಷ್ಟೆ. ಸ್ಯಾನ್ ಡಿಯಾಗೊದವರು ದೊಡ್ಡ ತಾರೆಯೊಬ್ಬನನ್ನು ತರಲು ಅವನನ್ನು ನಮ್ಮ ಕಡೆ ತಳ್ಳಿದರು, ಜೊತೆಗೆ ತಮ್ಮ ಮೊದಲ ಸುತ್ತಿನ ಸರದಿಯನ್ನೂ ಕೊಟ್ಟರು. ಕೆಳಗೆ ಬಿದ್ದ ತಂಡಕ್ಕೇ ಆರಿಸುವ ಅವಕಾಶ ಮೊದಲು, ಹಾಗಾಗಿ ಅದಕ್ಕೊಂದು ಶರತ್ತು. ಸ್ಯಾನ್ ಡಿಯಾಗೊ ಕೊನೆಯ ಹತ್ತು ತಂಡಗಳಲ್ಲಿ ಬಿದ್ದರೆ ಈ ವರ್ಷದ ಸರದಿ ಅವರಲ್ಲೇ ಉಳಿಯುತ್ತದೆ, ನಮಗೆ ಮುಂದಿನ ವರ್ಷದ್ದು ಸಿಗುತ್ತದೆ. ಹತ್ತರಿಂದ ಹೊರಗಿದ್ದರೆ ಈ ವರ್ಷದ್ದೇ ನಮ್ಮದು. ದೊಡ್ಡ ತಾರೆ ಬಂದ ತಂಡ ಕೊನೆಗೆ ಬೀಳುವುದುಂಟೆ ಎಂದು ಎಲ್ಲರೂ ನಕ್ಕಿದ್ದರು.

ಇಂಥವರಿಗೆ ಸಾಮಾನ್ಯವಾಗಿ “ಮನೇಲಿರಿ, ಸಂಬಳ ಬರತ್ತೆ” ಎಂದು ಹೇಳುವುದು ರೂಢಿ. ಅಮೋಸ್‌ಗೂ ಹೇಳಿದ್ದರು. ಅವನು ಸೆಪ್ಟೆಂಬರ್‌ನಲ್ಲಿ ನನ್ನ ಬಾಗಿಲು ಬಡಿದ. ಬಡಿದ ಮೊದಲನೆಯವನು ಅವನೇ.

“ನಾನೇ ಆ ಸೋಫಾ, ಮಿಸ್ ಲುವೆಲಾ,” ಎಂದ. “ಜರ್ಸಿ ಬೇಕಿತ್ತು.”

ಕತ್ತರಿ ಕೆಳಗಿಟ್ಟೆ. “ಆ ಮಾತು ಯಾರು ಹೇಳಿದ್ರು ನಿಂಗೆ?”

“ಇಡೀ ಕಟ್ಟಡಕ್ಕೇ ಗೊತ್ತು. ಬೇಜಾರಿಲ್ಲ ಬಿಡಿ, ಸೋಫಾ ಅಂದ್ರೆ ಜನ ಕೂರೋಕಾದ್ರೂ ಬರ್ತಾರೆ.”

ಇಂಗ್ಲಿಷ್‌ನಲ್ಲಿ ಹದಿಮೂರು ಅಕ್ಷರದ ಹೆಸರು. ಎಡ ಭುಜದಿಂದ ಬಲ ಭುಜದವರೆಗೆ ಪಟ್ಟಿ ಬಂತು. ನಾನು ಎಂದಿನಂತೆ ಕಚ್ಚಾ ಹೊಲಿಗೆ ಹಾಕಿದೆ, ಒಂದೇ ಒಂದು ಜರ್ಸಿಗೆ. ಉಳಿಯುವವರಿಗಾದರೆ ಆರು ಮಾಡಬೇಕು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ.

“ಬೇರೆಯೋರ ಹೊಲಿಗೆ ಒತ್ತೊತ್ತಾಗಿದೆ, ನಂದ್ಯಾಕೆ ದೂರ ದೂರ?”

“ನಿನ್ನ ಹೆಸರು ಉದ್ದ ಕಂದಾ. ದಾರ ಸಾಲಲ್ಲ.”

“ನಮ್ಮಜ್ಜಿ ಮಿಸಿಸಿಪ್ಪೀಲಿ ಕೌದಿ ಹೊಲೀತಿದ್ಲು,” ಎಂದು ನಕ್ಕ. “ಕಚ್ಚಾ ಹೊಲಿಗೆ ಯಾವ್ದು ಅಂತ ನಂಗೊತ್ತು ಮಿಸ್ ಲುವೆಲಾ. ಇರ್ಲಿ.”

ನನಗೆ ನಾಚಿಕೆಯಾಯಿತು. ಆದರೂ ಬಿಚ್ಚಿ ಮತ್ತೆ ಹೊಲಿಯಲಿಲ್ಲ. ಸೋಮಾರಿತನಕ್ಕೆ ನಾನು ‘ಪದ್ಧತಿ’ ಎಂದು ಹೆಸರಿಟ್ಟುಕೊಂಡಿದ್ದೆ, ಅಷ್ಟೆ.

ಆಮೇಲಿನ ಏಳು ತಿಂಗಳು ಅವನು ಹೆಚ್ಚು ಹೊತ್ತು ಕಳೆದದ್ದು ನನ್ನ ಕೋಣೆಯಲ್ಲೇ. ಮಂಡಿಗೆ ಐಸ್ ಕಟ್ಟಿಕೊಂಡು ಒಗೆದ ಕಾಲುಚೀಲಗಳನ್ನು ಜೋಡಿ ಮಾಡುತ್ತಿದ್ದ, ಬುಟ್ಟಿಯ ಕೆಳಗೆ ನಿಂತು ಆಡುವ ಇಬ್ಬರು ಎಳೆಯ ಸೆಂಟರ್‌ಗಳಿಗೆ ಕಾಲು ಎಲ್ಲಿಡಬೇಕು, ಮೊಣಕೈ ಎಲ್ಲಿಡಬೇಕು ಎಂದು ಹೇಳಿಕೊಡುತ್ತಿದ್ದ. ಆಟದಲ್ಲಿ ಐದು ನಿಮಿಷ ಸಿಕ್ಕರೆ ಅದೇ ಹಬ್ಬ. ತಂಡ ಮಾತ್ರ ಸೋಲುತ್ತಲೇ ಇತ್ತು.

ಡಿಸೆಂಬರ್‌ನಲ್ಲಿ ಸ್ಯಾನ್ ಡಿಯಾಗೊದ ದೊಡ್ಡ ತಾರೆ ಕಾಲು ಮುರಿದುಕೊಂಡ. ಅವರು ಜಾರಿದರು, ಜಾರಿದರು, ಕೊನೆಯ ಹತ್ತರ ಅಂಚಿಗೆ ಬಂದು ನಿಂತರು. ಏಪ್ರಿಲ್‌ನಲ್ಲಿ, ಲೀಗ್‌ನ ಕೊನೆಯ ಭಾನುವಾರ, ಅವರ ಪಂದ್ಯ ಇದ್ದದ್ದು ನಮ್ಮೂರಲ್ಲಿ, ನಮ್ಮ ಜೊತೆಯೇ. ಅವರು ಗೆದ್ದರೆ ಹತ್ತರಿಂದ ಹೊರಗೆ, ಸರದಿ ನಮಗೆ. ಅವರು ಸೋತರೆ ಸರದಿ ಅವರಿಗೇ. ಅಂದರೆ ನಾವು ಸೋಲಬೇಕಿತ್ತು, ಅದರಲ್ಲಿ ನಮಗೆ ಅಭ್ಯಾಸವೂ ಇತ್ತು.

ತಂಡದ ಮಾಲೀಕ ಮಿಸ್ಟರ್ ಪ್ರೂಯಿಟ್, ಗಾಜಿನ ಜಾಡಿ ಮಾಡುವ ಕಾರ್ಖಾನೆಯ ಯಜಮಾನ, ಮಾರ್ಚ್‌ನಲ್ಲೇ ಮಾರ್ಗಿಟ್‌ಗೆ ಹೇಳಿಬಿಟ್ಟಿದ್ದರು: “ಐದು ವರ್ಷದಿಂದ ಬರತ್ತೆ ಬರತ್ತೆ ಅಂತ ಬಕಧ್ಯಾನ ಮಾಡ್ತಿದೀಯ. ಈ ಜೂನ್‌ನಲ್ಲಿ ಆ ಸರದಿ ಬಂದಿಲ್ಲ ಅಂದ್ರೆ ನಾನು ಬೇರೆ ಮ್ಯಾನೇಜರ್ ನೋಡ್ಕೋತೀನಿ.” ಮುಂದಿನ ವರ್ಷದ ಸರದಿ ಬಂದೇ ಬರುತ್ತಿತ್ತು, ಆದರೆ ಅದನ್ನು ಬಳಸಲು ಮಾರ್ಗಿಟ್ ಆ ಕುರ್ಚಿಯಲ್ಲಿ ಇರುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಬಂದು ಸ್ಟೂಲಿನ ಮೇಲೆ ಕೂತಳು. ಎಳೆಯ ಸೆಂಟರ್‌ಗಳಿಬ್ಬರೂ ಜ್ವರ ಬಂದು ಮಲಗಿದ್ದರು.

“ಹಾಗಾದ್ರೆ ನಾಳೆ ಪೂರ್ತಿ ಆಟ ಅಮೋಸ್‌ದೇ,” ಎಂದೆ.

“ಹೂಂ. ಅವನ ಮಂಡಿ ಹೇಗಿದೆ?”

“ನಿನ್ನೆಗಿಂತ ಎಷ್ಟೋ ವಾಸಿ.”

“ಅಯ್ಯೋ,” ಎಂದವಳು ನಾಲಿಗೆ ಕಚ್ಚಿಕೊಂಡಳು.

“ಏನಂದೆ?”

“ಏನೂ ಅನ್ಲಿಲ್ಲ. ಸೋಲಿ ಅಂತ ನಾನು ಬಾಯ್ಬಿಟ್ರೆ ಲೀಗ್‌ನೋರು ಚರ್ಮ ಸುಲೀತಾರೆ. ಕಾಫಿ ಕುಡಿಯೋಕೆ ಬಂದೆ.”

ಕನ್ನಡಕ ಮೇಜಿನ ಮೇಲಿಟ್ಟು ಕಣ್ಣು ಒತ್ತಿಕೊಂಡಳು. ಅದು ಔಷಧಿ ಅಂಗಡಿಯಲ್ಲಿ ಸಿಗುವ ಅಗ್ಗದ ಕನ್ನಡಕ, ನನ್ನದೇ ನಂಬರಿನದು. ಒಂದು ಕೊಂಡರೆ ಒಂದು ಉಚಿತ ಇದ್ದಾಗ ನಾವಿಬ್ಬರೂ ಹಂಚಿಕೊಂಡದ್ದು. ಹೋಗುವಾಗ ಮರೆತು ನನ್ನದನ್ನು ಹಾಕಿಕೊಂಡು ಹೋಗಿ, ಮೆಟ್ಟಿಲಿಂದ ತಿರುಗಿ ಬಂದು ಬದಲಾಯಿಸಿಕೊಂಡಳು. ಅಷ್ಟು ತಲೆ ಕೆಟ್ಟಿತ್ತು ಅವಳಿಗೆ.

ಭಾನುವಾರ ಮಧ್ಯಾಹ್ನ ಅಮೋಸ್ ಆಡಿದ್ದನ್ನು ನಾನು ಹೇಗೆ ಹೇಳಲಿ. ತನ್ನನ್ನು ಎತ್ತಿ ಬಿಸಾಕಿದವರ ಎದುರು ಆಡುತ್ತಿದ್ದಾನೆ, ಆದರೆ ಮುಖದಲ್ಲಿ ಸಿಟ್ಟಿಲ್ಲ. ಆ ಕೆಟ್ಟ ಮಂಡಿಯಲ್ಲೇ ಚೆಂಡು ಬೀಳುವ ಜಾಗಕ್ಕೆ ಎಲ್ಲರಿಗಿಂತ ಮುಂಚೆ ಹೋಗಿ ನಿಂತಿರುತ್ತಿದ್ದ. ಸ್ಯಾನ್ ಡಿಯಾಗೊದ ಸೆಂಟರ್ ಅವನಿಗಿಂತ ಹನ್ನೆರಡು ವರ್ಷ ಚಿಕ್ಕವನು, ಬಾಯಿ ಜೋರು.

“ತಾತ, ಮನೇಗ್ ಹೋಗಿ ಮಲಕ್ಕೊ.”

“ಮಲಗೋಕೇ ಅಂತ್ಲೇ ಇಲ್ಲಿ ನಂಗೆ ಸಂಬಳ ಕೊಡ್ತಾರಪ್ಪಾ,” ಎಂದ ಅಮೋಸ್, “ನಿದ್ದೆ ಬರ್ಲಿಲ್ಲ.” ಹೇಳುತ್ತಲೇ ಅವನ ತಲೆಯ ಮೇಲಿಂದ ಚೆಂಡು ಹಾಕಿದ.

ತಂಡದ ಬೆಂಚಿನ ತುದಿಯಲ್ಲಿ ನಾನು ಕುಣಿಯುತ್ತಿದ್ದೆ. ಹಿಂದಿನ ಮೂರನೇ ಸಾಲಿನಲ್ಲಿ ಮಾರ್ಗಿಟ್ ಇದ್ದಾಳೆಂದು ನೆನಪಾದಾಗಲೆಲ್ಲ ಕೂತುಬಿಡುತ್ತಿದ್ದೆ. ಅವಳ ಪಕ್ಕದಲ್ಲೇ ಮಿಸ್ಟರ್ ಪ್ರೂಯಿಟ್.

ಒಂಬತ್ತು ಸೆಕೆಂಡ್ ಉಳಿದಿತ್ತು. ನಾವು ಒಂದು ಅಂಕ ಹಿಂದೆ. ಅಮೋಸ್ ಬುಟ್ಟಿಯ ಕೆಳಗೆ ಎಗರಿದಾಗ ಆ ಬಾಯಿಬಡುಕ ಹಿಂದಿನಿಂದ ಅವನ ಜರ್ಸಿ ಹಿಡಿದು ಎಳೆದ. ಪರ್ ಅಂತ ಸದ್ದು. ರೆಫರಿ ಸೀಟಿ ಊದಿದ: ಫೌಲ್, ಅಮೋಸ್‌ಗೆ ಎರಡು ಎಸೆತ. ಆದರೆ ಅವನ ಬೆನ್ನ ಮೇಲೆ ಹದಿಮೂರು ಅಕ್ಷರದ ಪಟ್ಟಿ ಒಂದು ಕಡೆ ಪೂರ್ತಿ ಬಿಚ್ಚಿಕೊಂಡು ಬಾಲದ ಹಾಗೆ ಜೋತಾಡುತ್ತಿತ್ತು. ಬಟ್ಟೆ ಹರಿದಿರಲಿಲ್ಲ. ನನ್ನ ಹೊಲಿಗೆ ಮಾತ್ರ ಎಳೆದ ಕೂಡಲೇ ಬಂದಿತ್ತು, ಹಾಗೆ ಬರಲೆಂದೇ ಹಾಕಿದ್ದೆನಲ್ಲ.

“ಹೀಗೆ ಆಡೋ ಹಾಗಿಲ್ಲ,” ಎಂದ ರೆಫರಿ. “ಸರಿ ಮಾಡ್ಕೊಳ್ಳಿ, ಇಲ್ಲಾಂದ್ರೆ ಬೇರೆಯೋನು ಬಂದು ಎಸೀಲಿ.” ನಮ್ಮ ಕೋಚ್ ಒಂದು ನಿಮಿಷ ವಿರಾಮ ಕೇಳಿದ.

ನನ್ನ ಹೊಲಿಗೆ ಪೆಟ್ಟಿಗೆಯಲ್ಲಿದ್ದ ಹೆಸರಿಲ್ಲದ ಜರ್ಸಿ ಅಮೋಸ್‌ನ ಹೊಕ್ಕುಳವನ್ನೂ ಮುಚ್ಚುತ್ತಿರಲಿಲ್ಲ. ಅವನು ಬಂದು ನನಗೆ ಬೆನ್ನು ಮಾಡಿ ಮಂಡಿಯೂರಿದ, ಆ ನೋಯುವ ಮಂಡಿಯನ್ನೇ. ಸೂಜಿ ತೆಗೆದೆ. ಕೊರಳಿಗೆ ಕೈ ಹಾಕಿದರೆ ಕನ್ನಡಕ ಇಲ್ಲ. ಕೆಳಗಿನ ಕೋಣೆಯ ಮೇಜಿನ ಮೇಲೆ ಬಿಟ್ಟುಬಂದಿದ್ದೆ.

ಸುಳ್ಳು ಹೇಳುವುದಿಲ್ಲ. ಒಂದು ಕ್ಷಣ ನನ್ನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಸೂಜಿಗೆ ದಾರ ಪೋಣಿಸುವುದು ತಡವಾದರೆ ಅರವತ್ತಾರರ ಮುದುಕಿಯ ಕಣ್ಣನ್ನು ಯಾರೂ ದೂರುವುದಿಲ್ಲ. ಆಟ ಸೋಲುತ್ತೇವೆ, ಸರದಿ ಬರುತ್ತದೆ, ನನ್ನ ಗೆಳತಿಯ ಮಗಳು ಉಳಿಯುತ್ತಾಳೆ. ಎದುರಿಗೆ ಅಮೋಸ್‌ನ ಬೆವೆತ ಬೆನ್ನು. ಅವನು ಅವಸರ ಮಾಡಲಿಲ್ಲ, ಏನೂ ಕೇಳಲಿಲ್ಲ. ನನಗೆ ಅಳು ಬಂತು. ಬಂದ ನೀರಿನಿಂದ ಸೂಜಿಯ ಕಣ್ಣು ಇನ್ನೂ ಮಸುಕಾಯಿತು.

“ಕಾಣ್ತಿಲ್ಲ ಕಂದಾ,” ಎಂದೆ. ಅದು ನಿಜವೇ ಆಗಿತ್ತು.

ಆಗ ಯಾರೋ ಹಿಂದಿನಿಂದ ನನ್ನ ಮೂಗಿನ ಮೇಲೆ ಕನ್ನಡಕ ಏರಿಸಿದರು. ನನ್ನದೇ ನಂಬರು. ತಿರುಗಿದರೆ ಮಾರ್ಗಿಟ್, ಎರಡು ಸಾಲು ಹಾರಿ ಬಂದಿದ್ದಳು, ಏದುಸಿರು.

“ಹೊಲಿ ಮಿಸ್ ಲು.”

“ಮಾರ್ಗಿಟ್, ನಿನ್ನ...”

“ಗೊತ್ತು. ಗಟ್ಟಿಯಾಗಿ ಹೊಲಿ. ಮತ್ತೆ ಬಿಚ್ಕೋಬಾರ್ದು.”

ಪಟ್ಟಿಯ ತುದಿಯನ್ನು ಅವಳೇ ಎಳೆದು ಹಿಡಿದಳು. ಕೈಗೆ ಸಿಕ್ಕ ಕೆಂಪು ದಾರದಲ್ಲಿ, ನೀಲಿ ಜರ್ಸಿಯ ಮೇಲೆ, ನನ್ನ ಜೀವನದಲ್ಲೇ ಅತಿ ವಕ್ರವಾದ ಹೊಲಿಗೆ ಹಾಕಿದೆ. ಎರಡು ಸಾಲು. ಮಧ್ಯೆ ಒಮ್ಮೆ ಸೂಜಿ ಅಮೋಸ್‌ನ ಬೆನ್ನಿಗೇ ಚುಚ್ಚಿತು.

“ನನ್ನನ್ನೂ ಸೇರ್ಸಿ ಹೊಲೀಬೇಡಿ ಮಿಸ್ ಲುವೆಲಾ,” ಎಂದ ಅವನು.

ದಾರ ಹಲ್ಲಲ್ಲಿ ಕಡಿಯುವುದಕ್ಕೂ ವಿರಾಮ ಮುಗಿದ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಮೊದಲ ಎಸೆತ ಸೀದಾ ಒಳಗೆ. ಎರಡನೆಯದು ಬುಟ್ಟಿಯ ಕಬ್ಬಿಣದ ಬಳೆಗೆ ಬಡಿದು, ಮೇಲೆದ್ದು, ಸ್ವಲ್ಪ ಯೋಚನೆ ಮಾಡಿ ಒಳಗಿಳಿಯಿತು. ಸ್ಯಾನ್ ಡಿಯಾಗೊದವರು ಓಡಿಬಂದು ಎಸೆದ ಕೊನೆಯ ಚೆಂಡು ಗುರಿ ತಪ್ಪಿತು. ಅದು ಬೀಳುವ ಜಾಗದಲ್ಲಿ ಯಾರು ನಿಂತಿದ್ದರು ಎಂದು ಹೇಳಬೇಕಿಲ್ಲ.

ಗಲಾಟೆ ಇಳಿದ ಮೇಲೆ ಮಾರ್ಗಿಟ್ ನನ್ನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತಳು. ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ಆದರೂ ಮುಖ ಹಗುರಾಗಿತ್ತು.

“ಯಾಕ್ ಹಂಗ್ ಮಾಡ್ದೆ?” ಎಂದೆ.

“ಅವನು ಮಂಡಿಯೂರಿದ್ನಲ್ಲ, ಆಗ ನೋಡೋಕಾಗ್ಲಿಲ್ಲ,” ಎಂದಳು. “ಐದು ವರ್ಷದಿಂದ ಬರೀ ಮಿಷನ್ ಎಣಿಸ್ತಾ ಕೂತಿದ್ದೆ ಮಿಸ್ ಲು.”

ಅಷ್ಟರಲ್ಲಿ ಮಿಸ್ಟರ್ ಪ್ರೂಯಿಟ್ ಒಳಗೆ ಬಂದರು. ಬಾಗಿಲು ಬಡಿಯಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿತ್ತು, ಟೈ ಎಲ್ಲೋ ಹೋಗಿತ್ತು.

“ಸರದಿ ಹೋಯ್ತಾ?” ಎಂದರು.

“ಹೋಯ್ತು ಸರ್. ಮುಂದಿನ ವರ್ಷ ಬರತ್ತೆ. ಆಗ ಶರತ್ತಿಲ್ಲ.”

“ನೀನು ಹಾರ್ಕೊಂಡ್ ಹೋಗಿದ್ ನೋಡ್ದೆ. ನನ್ನ ಕಾಲ್ ತುಳ್ಕೊಂಡೇ ಹೋದೆ.”

“ಕ್ಷಮಿಸಿ ಸರ್. ನಾಳೆ ಕೋಣೆ ಖಾಲಿ ಮಾಡ್ತೀನಿ.”

ಅವರು ಒಗೆದ ಬಟ್ಟೆಯ ಬುಟ್ಟಿಯ ಅಂಚಿಗೆ ಒರಗಿದರು. “ಐದು ವರ್ಷದಲ್ಲಿ ನಾನು ಎದ್ದು ನಿಂತು ಕೂಗಿದ್ದು ಇವತ್ತೇ ಕಣಮ್ಮ. ಮುಂದಿನ ವರ್ಷ ಅಂದ್ಯಲ್ಲ, ಮುಂದಿನ ವರ್ಷ ನೋಡೋಣ. ಆದ್ರೆ ನಂದೂ ಒಂದು ಶರತ್ತು. ಆ ಸೋಫಾನ ಯಾರಿಗೂ ಕೊಡ್ಬೇಡ.”

ಅಮೋಸ್ ಬಾಗಿಲಲ್ಲೇ ನಿಂತು ಕೇಳುತ್ತಿದ್ದ, ಮಂಡಿಗೆ ಐಸ್. ಜರ್ಸಿ ಕೊಡು, ನೀಲಿ ದಾರದಲ್ಲಿ ನೆಟ್ಟಗೆ ಹೊಲಿದುಕೊಡುತ್ತೇನೆ ಎಂದೆ. ಅವನು ಕೊಡಲಿಲ್ಲ, ಎದೆಗೆ ಒತ್ತಿಕೊಂಡ.

“ಇದು ಹೀಗೇ ಇರ್ಲಿ,” ಎಂದ. “ಬೇಕಿದ್ರೆ ಇನ್ನೂ ಐದು ಮಾಡ್ಕೊಡಿ.”

ಮಾಡಿಕೊಟ್ಟೆ.

ಜುಲೈನಲ್ಲಿ ಇನ್ನೊಂದು ಶ್ರೀಮಂತ ತಂಡಕ್ಕೆ ಕೈ ಹಿಸುಕಿಕೊಳ್ಳುವ ಕಾಲ ಬಂತು. ಮಾರ್ಗಿಟ್ ಮೇಲಿಂದ ಫೋನ್ ಮಾಡಿ ಇಬ್ಬರು ಬರುತ್ತಿದ್ದಾರೆ, ಜೊತೆಗೆ ಎರಡು ಸರದಿ ಎಂದಳು. ಎಷ್ಟು ದಿನ ಇರುತ್ತಾರೋ ಅವಳಿಗೂ ಗೊತ್ತಿರಲಿಲ್ಲ. ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳಿಸಿಕೊಂಡು ಬರೆದುಕೊಂಡೆ. ಇಬ್ಬರಿಗೂ ಎರಡು ಸಾಲು ಗಟ್ಟಿ ಹೊಲಿಗೆಯನ್ನೇ ಹಾಕಿದೆ. ಬಿಚ್ಚಬೇಕಾದ ದಿನ ಬಂದರೆ ಬಿಚ್ಚುವ ಕಷ್ಟ ನನಗಿರಲಿ.